ನೆರವಿನ ಪಡೆ ದೇವದುರ್ಗದಿಂದಲೋ, ಮಾನ್ವಿಯಿಂದಲೋ?

ಸ್ನೇಹಿತರೆ, ಇಂದು ಮಧ್ಯಾಹ್ನ ರಾಯಚೂರಿನ ಕೋಟೆ ನನ್ನ ಕೈತಪ್ಪುವುದರಲ್ಲಿತ್ತು. ಹಳೆಯ ಕಾಲದ ಯುದ್ಧವನ್ನು ಹಲಗೆಯ ಮೇಲೆ ಆಡುವ ಆಟದಲ್ಲಿ, ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ, ಭಾನುವಾರಕ್ಕೊಮ್ಮೆ ರಾಯಚೂರಿನ ನಮ್ಮ ಮನೆಗೆ ಆಡಲು ಬರುವ ಮಿತ್ರರಾದ ಶರಣಪ್ಪನವರು ಅದಕ್ಕೆ ಮುತ್ತಿಗೆ ಹಾಕಿದ್ದರು. ಸತತವಾಗಿ ಮೂರು ಭಾನುವಾರ ಸೋತಿರುವ ನನಗೆ ನೆರವಿನ ಪಡೆಯೊಂದೇ ಆಸರೆಯಾಗಿ ಉಳಿದಿತ್ತು.

ನಿಯಮ ಸ್ಪಷ್ಟವಾಗಿದೆ: ನೆರವಿನ ಪಡೆಯು ಕೋಟೆಗೆ ಅತಿ ಸಮೀಪದ ಸ್ವಂತ ಊರಿನಲ್ಲಿ ಬಂದಿಳಿಯತಕ್ಕದ್ದು. ದೇವದುರ್ಗ, ಮಾನ್ವಿ ಎರಡೂ ನನ್ನವೇ. ಹಲಗೆಯ ಮೇಲೆ ದೇವದುರ್ಗ ಮೂರು ಮನೆ ದೂರ, ಮಾನ್ವಿ ನಾಲ್ಕು ಮನೆ. ಮೇಲಾಗಿ ಮಾನ್ವಿಯ ದಾರಿಯನ್ನು ಶರಣಪ್ಪನವರ ಆನೆಗಳು ಆಗಲೇ ಕಟ್ಟಿದ್ದವು. ಪಡೆಯನ್ನು ದೇವದುರ್ಗದಲ್ಲಿಟ್ಟೆ.

"ಏ ಸರ, ತೆಗೀರಿ ಅದನ್ನ! ಮಾನ್ವಿನೇ ಹತ್ತರ. ವಾರಾವಾರ ಬಸ್ಸಿನ್ಯಾಗ ಬರಾಂವ ನಾನು, ನನಗ ಹೇಳ್ತೀರೇನು?"

"ಆ ಕಾಲದಲ್ಲಿ ಬಸ್ಸು ಇರಲಿಲ್ಲ, ಶರಣಪ್ಪನವರೆ. ಮನೆಗಳನ್ನು ಎಣಿಸಿ."

"ಬಸ್ ಇದ್ದಿಲ್ಲ, ರಸ್ತಾ ಇತ್ತಲ್ರಿ?"

ವಾದ ಮುಗಿಯುವಂತಿರಲಿಲ್ಲ. ಚಹಾ ತಂದ ನನ್ನ ಮಡದಿಯನ್ನೇ ತೀರ್ಪು ಕೇಳಿದೆ. ಆಕೆಯ ತವರು ದೇವದುರ್ಗ.

"ನಮ್ಮೂರೇ ಹತ್ತರ ಬಿಡ್ರಿ" ಎಂದಳು. ಶರಣಪ್ಪನವರು ಮುಖ ಸಣ್ಣದು ಮಾಡಿಕೊಂಡು ಆನೆಗಳನ್ನು ಹಿಂದೆ ಸರಿಸಿದರು. ಆಕೆ ನನ್ನತ್ತ ತಿರುಗಿದಳು: "ತಮ್ಮನ ಮನಿಗಿ ಹೋಗೂಣು ಅಂದಾಗೆಲ್ಲಾ ಭಾಳ ದೂರ ಆಗ್ತದ ಅಂತಿದ್ರಿ. ಇವತ್ತರ ತಿಳೀತಲ್ಲ?"

ಕೋಟೆ ಉಳಿಯಿತು. ನಾಳೆ ಬೆಳಗ್ಗೆ ಏಳರ ಬಸ್ಸಿಗೆ ನಾನು ಸಪತ್ನೀಕನಾಗಿ ದೇವದುರ್ಗಕ್ಕೆ ಹೊರಟಿದ್ದೇನೆ. ಮರಳುವುದು ಯಾವಾಗ ಎಂಬ ಬಗ್ಗೆ ನಿಯಮಾವಳಿ ಏನನ್ನೂ ಹೇಳಿಲ್ಲ.