ಥರ್ಜಾಳ ಕಿವಿ

ನನ್ನ ಅತ್ತಿಗೆ ಥರ್ಜಾ ತನ್ನ ಮದುವೆಯ ದಿನ ಕೂಡ ಸುಮ್ಮನಿದ್ದವಳಲ್ಲ. ಚಾಪೆಲ್ಲಿನೊಳಗೆ ಎಲ್ಲ ಸಾಂಗವಾಗಿ ಮುಗಿದು, ನಮ್ಮಣ್ಣ ಆರ್ನಾಲ್ಡನ ತೋಳು ಹಿಡಿದು ಹೊರಗೆ ಬಂದಳು. ಮೆಟ್ಟಿಲ ಕೆಳಗೆ ನಮ್ಮ ಥಾರ್ನ್‌ಶಾ ಊರಿನ ಬ್ಯಾಂಡು ಸಾಲಾಗಿ ನಿಂತು ಊದುತ್ತಿತ್ತು. ಜನ ಅಕ್ಕಿಕಾಳು ಎರಚುತ್ತಿದ್ದರು, ಫೋಟೋದವನು ನಗಿ ನಗಿ ಅನ್ನುತ್ತಿದ್ದ. ಇವಳು ಬಿಳಿ ಗೌನನ್ನು ಒಂದು ಕೈಯಲ್ಲಿ ಎತ್ತಿಕೊಂಡು ಸೀದಾ ಕಾರ್ನೆಟ್ಟಿನವರ, ಅಂದರೆ ಗಿಡ್ಡ ತುತ್ತೂರಿಯವರ, ಸಾಲಿಗೆ ನಡೆದು, ಕೊನೆಯಲ್ಲಿದ್ದವನಿಗೆ ಶ್ರುತಿ ಇಳಿದಿದೆ, ಕೊಳವೆ ಸ್ವಲ್ಪ ಒಳಕ್ಕೆ ತಳ್ಳಿಕೋ ಅಂದಳು. ಆತ ತಳ್ಳಿಕೊಂಡ. ಆಮೇಲೆ ವಾಪಸು ಬಂದು ಗಂಡನ ಪಕ್ಕ ನಿಂತು ನಕ್ಕಳು. ನಮ್ಮಮ್ಮ ನನ್ನ ಕಡೆ ಬಾಗಿ, ನಿಮ್ಮಣ್ಣ ಕೆಟ್ಟ, ಬೆರಿಲ್, ಅಂದಿದ್ದು ನನಗೆ ಈಗಲೂ ನೆನಪಿದೆ.

ಥರ್ಜಾಳ ಅಪ್ಪ ಹಗಲು ಉಣ್ಣೆ ಗಿರಣಿಯಲ್ಲಿ ದುಡಿದು ಸಂಜೆ ಬ್ಯಾಂಡಿನಲ್ಲಿ ತಗ್ಗು ದನಿಯ ದೊಡ್ಡ ಬಾಸು ವಾದ್ಯ ಊದುತ್ತಿದ್ದವನು. ನಮ್ಮ ಕಣಿವೆಯಲ್ಲಿ ಆಗ ಗಂಡುಮಗು ಹುಟ್ಟಿದರೆ ಯಾವ ವಾದ್ಯ ಹಿಡಿಸುವುದು ಎಂದು ಮಾತಾಡುತ್ತಿದ್ದರು. ಹೆಣ್ಣುಮಗು ಹುಟ್ಟಿದರೆ ಬ್ಯಾಂಡಿನವರಿಗೆ ಚಹಾ ಮಾಡಲು ಒಬ್ಬಳು ಸಿಕ್ಕಳು ಅನ್ನುತ್ತಿದ್ದರು. ಥರ್ಜಾಳ ಚಹಾ ಬಾಯಿಗಿಡುವ ಹಾಗಿರಲಿಲ್ಲ, ಇವತ್ತಿಗೂ ಇಲ್ಲ. ಅಷ್ಟರಲ್ಲಿ ಯುದ್ಧ ಬಂತು, ಗಂಡಸರು ಹೊರಟುಹೋದರು, ಬ್ಯಾಂಡಿನ ಕೋಣೆಯಲ್ಲಿ ಕಾರ್ನೆಟ್ಟುಗಳು ಧೂಳು ತಿನ್ನುತ್ತ ಕೂತವು. ಉಳಿದ ನಾಲ್ಕು ಮುದುಕರು ಬೇರೆ ದಾರಿ ಕಾಣದೆ ಹುಡುಗಿಯರನ್ನು ಕರೆದರು. ನಾನೂ ಹೋದೆ, ಥರ್ಜಾಳೂ ಬಂದಳು. ನಾನು ಊದಿದರೆ ನಾಯಿ ಓಡುತ್ತಿತ್ತು. ಅವಳು ಊದಿದರೆ ಬೀದಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು.

ಯುದ್ಧ ಮುಗಿದು ಗಂಡಸರು ಬಂದರು. ತುಂಬ ಉಪಕಾರವಾಯಿತು ಹುಡುಗಿಯರೇ, ಇನ್ನು ವಾದ್ಯ ಕೊಡಿ, ಅಂದರು. ನಾವೆಲ್ಲ ಕೊಟ್ಟೆವು. ಥರ್ಜಾ ಕೊಡಲಿಲ್ಲ. ಬೇಕಾದರೆ ಇಬ್ಬರೂ ಊದೋಣ, ಚೆನ್ನಾಗಿ ಊದಿದವರು ಇಟ್ಟುಕೊಳ್ಳಲಿ, ಅಂದಳು. ಬರ್ಮಾದಲ್ಲಿ ಗುಂಡಿಗೆ ಅಂಜದೆ ಬಂದವನೊಬ್ಬ ಅವಳೆದುರು ಕಾರ್ನೆಟ್ಟು ಎತ್ತಿ, ಅರ್ಧಕ್ಕೆ ಇಳಿಸಿ, ನೀನೇ ಇಟ್ಟುಕೋ ತಾಯಿ ಎಂದು ಹೊರಟುಹೋದ. ಹಾಗೆ ಅವಳು ಮೊದಲ ಕುರ್ಚಿಯಲ್ಲಿ, ಅಂದರೆ ಮುಖ್ಯ ಕಾರ್ನೆಟ್ಟಿನ ಜಾಗದಲ್ಲಿ, ಕೂತಳು. ಅವಳನ್ನು ಕದಲಿಸುವುದು ಯಾರ ಕೈಯಲ್ಲೂ ಆಗಲಿಲ್ಲ. ಕೊನೆಗೆ ಕದಲಿಸಿದ್ದು ಒಂದು ಚಳಿಗಾಲದ ಹಿಮ. ಅಂಗಡಿಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಳು. ಕಾರ್ನೆಟ್ಟಿನವರಿಗೆ ಕೈ ಮುರಿದರೆ ಕೂಡುತ್ತದೆ, ಮುಂದಿನ ಹಲ್ಲು ಹೋದರೆ ಕಥೆ ಮುಗಿಯಿತು. ಕಟ್ಟಿಸಿದ ಹಲ್ಲಿನ ಮೇಲೆ ತುಟಿ ನಿಲ್ಲಲಿಲ್ಲ. ಒಂದು ವಾರ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಎಷ್ಟೇ ಇರಲಿ, ಆ ವಾರ ನಾನು ಅತ್ತಿದ್ದು ನಿಜ.

ಆಮೇಲೆ ಎದ್ದಳು. ಮಕ್ಕಳ ಬ್ಯಾಂಡಿಗೆ ಮೇಷ್ಟ್ರಾಗಿ ತಾಳದ ಕೋಲು ಹಿಡಿದಳು. ಅಲ್ಲಿಂದ ದೊಡ್ಡ ಬ್ಯಾಂಡುಗಳಿಗೆ ಕಲಿಸಿದಳು. ಅಲ್ಲಿಂದ ಸ್ಪರ್ಧೆಗಳಲ್ಲಿ ತೀರ್ಪುಗಾರ್ತಿಯಾದಳು. ಈ ತೀರ್ಪಿನ ಕೆಲಸ ಥರ್ಜಾಳಿಗೆಂದೇ ಯಾರೋ ಹುಟ್ಟಿಸಿದ ಹಾಗಿದೆ. ತೀರ್ಪುಗಾರರನ್ನು ಪರದೆ ಬಿಟ್ಟ ಗೂಡಿನೊಳಗೆ ಕೂಡಿಹಾಕುತ್ತಾರೆ. ಯಾವ ಬ್ಯಾಂಡು ಬಂತು, ಯಾರು ಊದಿದರು, ಒಂದೂ ಕಾಣಬಾರದು. ಮುಗಿಯುವ ತನಕ ಹೊರಗೆ ಬರುವ ಹಾಗಿಲ್ಲ. ಒಂದು ಸಲ ಡರ್ಹಮ್ ಕಡೆಯ ಸ್ಪರ್ಧೆಯಲ್ಲಿ ಇವಳನ್ನು ಒಳಗೇ ಮರೆತು ಎಲ್ಲರೂ ಬಿಯರ್ ಕುಡಿಯಲು ಹೋಗಿಬಿಟ್ಟರು. ಸಭಾಂಗಣ ಗುಡಿಸಲು ಬಂದ ಹೆಂಗಸು ಪರದೆ ಸರಿಸಿದರೆ ಇವಳು ಇನ್ನೂ ಪೆನ್ಸಿಲು ಹಿಡಿದು ಕೂತಿದ್ದಳಂತೆ. ಪೊರಕೆ ಒಂದೇ ಲಯದಲ್ಲಿ ಆಡಿಸು ಅಂದಳಂತೆ.

ಪರರಿಗೆಲ್ಲ ಇವಳ ತೀರ್ಪು ದೊರೆಯುತ್ತಿದ್ದುದು ವರ್ಷಕ್ಕೊಮ್ಮೆ. ನಮ್ಮಣ್ಣನಿಗೆ ದಿನವೂ. ಆರ್ನಾಲ್ಡ್ ನಮ್ಮ ಬ್ಯಾಂಡಿನ ಯುಫೋನಿಯಂ. ಮಗುವನ್ನು ಎತ್ತಿಕೊಂಡ ಹಾಗೆ ಮಡಿಲಲ್ಲಿಟ್ಟುಕೊಂಡು ಊದುವ ವಾದ್ಯ, ದನಿ ತುಂಬಿದ ಗಂಡುಗೊರಳು. ಅವನ ಸ್ವರದ ಕೊನೆಯಲ್ಲಿ ಒಂದು ನಡುಕ ಇರುತ್ತಿತ್ತು. ಹಾಡಿನ ಎತ್ತರದ ಜಾಗದಲ್ಲಿ ಇಳಿಯಲು ಮನಸ್ಸಿಲ್ಲದವನ ಹಾಗೆ ಒಂದು ಗಳಿಗೆ ಜಾಸ್ತಿ ನಿಲ್ಲುತ್ತಿದ್ದ. ಊರಿನ ಹೆಂಗಸರು ಅದಕ್ಕೇ ಕಣ್ಣೊರೆಸಿಕೊಳ್ಳುತ್ತಿದ್ದರು. ಥರ್ಜಾ ಮಾತ್ರ ಮನೆಗೆ ಬಂದು ಕೋಟು ತೆಗೆಯುವ ಮೊದಲೇ ಶುರು ಮಾಡುತ್ತಿದ್ದಳು. ಅಲ್ಲಿ ಉಸಿರು ಯಾಕೆ ತೆಗೆದೆ, ಇಲ್ಲಿ ಯಾಕೆ ಎಳೆದೆ, ಆ ನಡುಕ ಏನು ಚಳಿಜ್ವರವೇ. ನಮ್ಮ ಕಡೆ ಯಾರಾದರೂ ಜಗತ್ತೇ ಗೆದ್ದು ಬಂದರೂ ಪರವಾಗಿಲ್ಲ ಅನ್ನುತ್ತೇವೆ, ಅದೇ ನಮ್ಮ ಹೊಗಳಿಕೆ. ಅಣ್ಣನಿಗೆ ಆ ಪರವಾಗಿಲ್ಲ ಕೂಡ ಅವಳ ಬಾಯಿಂದ ಒಂದು ದಿನವೂ ಸಿಕ್ಕಿರಲಿಲ್ಲ. ಆತ ನಗುತ್ತ ಕೇಳಿಸಿಕೊಂಡು ಮೊಟ್ಟೆ ಹುರಿಯುತ್ತಿದ್ದ.

ಈ ನಗು ಎಲ್ಲ ಮೇಲುಮೇಲಿನದು ಎಂದು ನನಗೆ ಗೊತ್ತಾಗಿದ್ದು ಆ ವಸಂತದಲ್ಲಿ. ಎದೆ ಸರಿಯಿಲ್ಲ, ಈ ಬೇಸಿಗೆ ಕಳೆದ ಮೇಲೆ ಊದುವುದು ಬಿಡಬೇಕು ಎಂದು ಡಾಕ್ಟರು ಅಣ್ಣನಿಗೆ ಹೇಳಿದ್ದರು. ಅದೇ ಹೊತ್ತಿಗೆ ಪಕ್ಕದ ಡೆನ್‌ಹೋಪ್ ಊರಿನವರು ವಿಟ್ ಶುಕ್ರವಾರದ ಸ್ಪರ್ಧೆಗೆ ಕರೆದಿದ್ದ ತೀರ್ಪುಗಾರನಿಗೆ ಮಂಗನಬಾವು ಬಂತು. ಕೆನ್ನೆ ಊದಿಸಿಕೊಂಡವನನ್ನು ಕೂರಿಸುವುದು ಹೇಗೆಂದು ಓಡಿಬಂದು ಥರ್ಜಾಳನ್ನು ಕೇಳಿದರು. ವಿಟ್ ಶುಕ್ರವಾರ ಅಂದರೆ ಬೇಸಿಗೆಯ ಚರ್ಚ್ ಹಬ್ಬದ ವಾರದ ದಿನ, ಅವತ್ತು ಕಣಿವೆಯ ಊರೂರಲ್ಲೂ ಸ್ಪರ್ಧೆ, ಬ್ಯಾಂಡುಗಳು ಬಸ್ಸು ಹತ್ತಿ ಊರಿಂದೂರಿಗೆ ಓಡಿ ಊದುತ್ತವೆ. ಗಂಡನಿರುವ ಬ್ಯಾಂಡಿಗೆ ಹೆಂಡತಿ ತೀರ್ಪು ಕೊಡುವುದೇ ಎಂದು ಕೆಲವರು ಗೊಣಗಿದರು. ನಾನು ಕೇಳುವುದು ಸದ್ದನ್ನು, ಮುಖವನ್ನಲ್ಲ, ಅಂದಳು ಥರ್ಜಾ. ನಮ್ಮ ಬ್ಯಾಂಡ್ ಮಾಸ್ಟರ್ ಪರ್ಸಿ ಲಮ್ ಅಂಜುಬುರುಕ, ಡೆನ್‌ಹೋಪಿಗೆ ಹೋಗುವುದೇ ಬೇಡ ಅಂದ. ಅಣ್ಣ ಹೋಗಲೇಬೇಕು ಎಂದು ಹಟ ಹಿಡಿದ.

ಆ ಭಾನುವಾರ ನನ್ನನ್ನು ಮನೆಯಿಂದ ದೂರದ ಗುಡ್ಡದ ಮೇಲಿದ್ದ, ಒಬ್ಬ ಆಳು ಕೂರುವಷ್ಟು ದೊಡ್ಡ ತನ್ನ ಪಾರಿವಾಳದ ಗೂಡಿನ ಹತ್ತಿರ ಕರೆದುಕೊಂಡು ಹೋಗಿ ಬಾಯಿಬಿಟ್ಟ.

"ಬೆರಿಲ್, ಇದು ನಂದು ಕೊನೇ ವಿಟ್ ಶುಕ್ರವಾರ. ನಾನು ಅಂತ ಗೊತ್ತಿಲ್ದೆ ಅವಳು ಒಂದು ಸಲ ನಾನು ಊದೋದು ಕೇಳ್ಬೇಕು. ಗೊತ್ತಿಲ್ದೆ ಕೇಳಿ ಚೆನ್ನಾಗಿದೆ ಅಂದ್ರೆ ಸಾಕು."

"ಅವಳಿಗೆ ನೀನು ಸೀನಿದ್ರೂ ಯಾವ ಶ್ರುತೀಲಿ ಸೀನ್ದೆ ಅಂತ ಗೊತ್ತಾಗತ್ತೆ," ಅಂದೆ.

ಅದಕ್ಕೂ ಅವನ ಹತ್ತಿರ ಉಪಾಯವಿತ್ತು. ಬೇರೆ ಊರಿನವನೊಬ್ಬನಿಂದ ತುಟಿಗಿಡುವ ತೆಳ್ಳಗಿನ ಮೌತ್‌ಪೀಸ್ ತಂದಿದ್ದ, ಅದರಿಂದ ವಾದ್ಯದ ದನಿಯೇ ಬೇರೆಯಾಗುತ್ತದೆ. ನಡುಕ ತೆಗೆದುಹಾಕುವುದು, ಎಲ್ಲೂ ಎಳೆಯದೆ ಬರೆದಿದ್ದನ್ನು ಬರೆದ ಹಾಗೆ ಊದುವುದು. ಥರ್ಜಾ ನಮ್ಮ ಬ್ಯಾಂಡಿನ ಅಭ್ಯಾಸದ ಕೋಣೆಗೆ ಬಂದು ವರ್ಷಗಳಾಗಿದ್ದವು, ಬ್ಯಾಂಡಿನಲ್ಲಿ ಅರ್ಧಕ್ಕರ್ಧ ಹೊಸಬರು, ಆ ಸಲ ಊದುವ ಮಾರ್ಚ್ ಹಾಡು ಕೂಡ ಹೊಸದು. ಗುರುತು ಸಿಗುವುದಿದ್ದರೆ ಅವನಿಂದಲೇ ಸಿಗಬೇಕು. ಪಾರಿವಾಳಗಳ ನಡುವೆ ಕೂತು ದಿನಾ ಸಂಜೆ ತನ್ನ ಸದ್ದನ್ನು ತಾನೇ ಒರೆಸಿ ಹಾಕುತ್ತಿದ್ದ. ಪರ್ಸಿಗಂತೂ ಖುಷಿಯೋ ಖುಷಿ. ಇಷ್ಟು ವರ್ಷಕ್ಕೆ ಆರ್ನಾಲ್ಡ್ ನನ್ನ ತಾಳದ ಕೋಲು ನೋಡಿದ ಅಂದ. ಇದು ನೆಟ್ಟಗಾಗುವ ಉಪಾಯವಲ್ಲ ಎಂದು ನನಗನಿಸುತ್ತಿತ್ತು. ಗಂಡಸರು ಹಟ ಹಿಡಿದಾಗ ಬುದ್ಧಿ ಹೇಳುವ ವಯಸ್ಸು ನನ್ನದು ದಾಟಿಹೋಗಿತ್ತು.

ವಿಟ್ ಶುಕ್ರವಾರ ಮಧ್ಯಾಹ್ನ ಥರ್ಜಾಳನ್ನು ಕ್ರಿಕೆಟ್ ಮೈದಾನದ ಅಂಚಿನ ಕ್ಯಾರವಾನ್ ಗಾಡಿಯೊಳಗೆ ಕೂರಿಸಿ, ಕಿಟಕಿಗೆಲ್ಲ ಪರದೆ ಎಳೆದು, ಒಂದು ಹಂದಿಮಾಂಸದ ಪೈ ಕೊಟ್ಟು ಬಾಗಿಲು ಹಾಕಿದರು. ನಾವು ಬೇರೆ ಊರುಗಳನ್ನೆಲ್ಲ ಮುಗಿಸಿ ಡೆನ್‌ಹೋಪಿಗೆ ಬಂದಾಗ ಸಂಜೆಯಾಗಿತ್ತು. ನಾನು ಬ್ಯಾಂಡಿನ ಕೋಟುಗಳನ್ನು, ಟೋಪಿಗಳನ್ನು ಕಾಯುವವಳು, ಎಲ್ಲ ಕಡೆಗೂ ಹೋಗುತ್ತೇನೆ. ನಮ್ಮ ಸರದಿ ಹದಿನಾಲ್ಕನೆಯದು. ಯಾರೂ ಕೆಮ್ಮಬೇಡಿ ಎಂದು ಪರ್ಸಿ ಕೈಮುಗಿದ. ಸೀಟಿ ಕೇಳಿಸಿತು, ಶುರು ಮಾಡಿದರು. ಮಾರ್ಚ್ ಹಾಡಿನ ನಡುವೆ ಒಂದು ಕಡೆ ಉಳಿದವರೆಲ್ಲ ತಗ್ಗುತ್ತಾರೆ, ಯುಫೋನಿಯಂ ಒಂದೇ ಹಾಡುತ್ತದೆ. ಅಣ್ಣ ಊದಿದ. ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಕಣ್ಣು ಮುಚ್ಚಿದ್ದರೆ ನಾನು ಕೂಡ ಯಾರೋ ಅಂದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ಬಟಾಣಿ ತಿನ್ನುವುದನ್ನು ನಿಲ್ಲಿಸಲಿಲ್ಲ.

ಎಲ್ಲ ಬ್ಯಾಂಡುಗಳೂ ಮುಗಿದ ಮೇಲೆ ಬಾಗಿಲು ತೆಗೆದರು. ಜೂನ್ ತಿಂಗಳ ಬೆಳಕು ಇನ್ನೂ ಗುಡ್ಡದ ಮೇಲಿತ್ತು. ಗೆದ್ದವರನ್ನು ಹೇಳುವ ಮೊದಲು ತೀರ್ಪುಗಾರರು ನಾಲ್ಕು ಮಾತಾಡುವುದು ಅಲ್ಲಿನ ಪದ್ಧತಿ. ಥರ್ಜಾ ಗಾಡಿಯ ಮೆಟ್ಟಿಲ ಮೇಲೆ ನಿಂತಳು. ಯಾಕೋ ಮುಖ ಸಪ್ಪಗಿತ್ತು. ಮೂರನೆಯ ಬ್ಯಾಂಡಿನ ಡ್ರಮ್ಮಿನವನನ್ನು, ಡ್ರಮ್ಮು ನಿನಗೇನು ತಪ್ಪು ಮಾಡಿತ್ತು ಎಂದು ಕೇಳಿದಳು, ಜನ ನಕ್ಕರು. ಒಂಬತ್ತನೆಯ ಬ್ಯಾಂಡಿನ ಕಾರ್ನೆಟ್ಟು ಪರವಾಗಿಲ್ಲ ಅಂದಳು, ಆ ಬ್ಯಾಂಡಿನವರು ಟೋಪಿ ಹಾರಿಸಿದರು. ಅಣ್ಣ ನನ್ನ ಮೊಣಕೈ ಹಿಡಿದುಕೊಂಡಿದ್ದ. ಹಿಡಿತಕ್ಕೆ ನೋವಾಗುತ್ತಿತ್ತು.

"ಹದಿನಾಲ್ಕನೇದು," ಅಂದಳು. "ಯುಫೋನಿಯಂ. ತಪ್ಪು ಹುಡುಕಿದೆ, ಸಿಗಲಿಲ್ಲ. ಆಮೇಲೆ ಊದೋ ಮನುಷ್ಯನ್ನ ಹುಡುಕಿದೆ, ಅವನೂ ಸಿಗಲಿಲ್ಲ."

ಜನ ಮತ್ತೆ ನಕ್ಕರು. ಅಣ್ಣ ಮೊಣಕೈ ಬಿಟ್ಟ. ಮೊದಲ ಮೂರರಲ್ಲಿ ನಮ್ಮ ಹೆಸರು ಇರಲಿಲ್ಲ. ಪರ್ಸಿ ಮತ್ತು ಹುಡುಗರು ಬಿಯರ್ ಡೇರೆಯ ಕಡೆ ಹೋದರು. ಅಣ್ಣ ಮೈದಾನದ ಕಲ್ಲುಗೋಡೆಯ ಮೇಲೆ ಯುಫೋನಿಯಂ ಮಡಿಲಲ್ಲಿಟ್ಟುಕೊಂಡು ಕೂತ. ಅವನ ಮುಖ ನೋಡಿ ನನಗೆ ಥರ್ಜಾಳ ಕತ್ತು ಹಿಸುಕಬೇಕು ಅನಿಸಿತು. ಹಾಗೆ ಅನಿಸುತ್ತಿರುವಾಗಲೇ ಅವಳು ಬಂದಳು. ಸಮಿತಿಯವರ ಊಟಕ್ಕೂ ನಿಲ್ಲದೆ, ಜನರನ್ನು ತಳ್ಳಿಕೊಂಡು, ಕೈಚೀಲ ಎದೆಗವುಚಿಕೊಂಡು ಆ ಕಡೆ ಈ ಕಡೆ ನೋಡುತ್ತ ಬಂದಳು. ಅಣ್ಣನನ್ನು ಕಂಡಿದ್ದೇ ಅವನ ಹಣೆ ಮುಟ್ಟಿ ನೋಡಿದಳು.

"ಎಲ್ಲಿ ಹೋಗಿದ್ದೆ ನೀನು?"

"ಇಲ್ಲೇ ಇದ್ದೆ."

"ಸುಳ್ಳು ಹೇಳ್ಬೇಡ. ಮಧ್ಯಾಹ್ನದಿಂದ ಕಿವಿ ಕೊಟ್ಕೊಂಡು ಕೂತಿದೀನಿ. ಒಂದು ಬ್ಯಾಂಡ್ ಬಂತು, ನೀನಿಲ್ಲ. ಇನ್ನೊಂದು ಬಂತು, ನೀನಿಲ್ಲ. ಕೊನೆಗೆ ಎಲ್ಲಾ ಮುಗೀತು ಅಂದ್ರು. ದಾರೀಲಿ ಎಲ್ಲೋ ಎದೆ ಹಿಡ್ಕೊಂಡು ಬಿದ್ದಿದೀಯ ಅಂದ್ಕೊಂಡೆ. ಬಾಗ್ಲು ಬಡಿದು ಕೇಳೋಣ ಅಂದ್ರೆ ಕೇಳೋ ಹಾಗಿಲ್ಲ."

ಅಣ್ಣ ಅವಳನ್ನೇ ನೋಡಿದ. "ಹದಿನಾಲ್ಕು ನಾನೇ ಕಣೇ," ಅಂದ.

ಥರ್ಜಾ ಅವನನ್ನೂ ವಾದ್ಯವನ್ನೂ ಪೆದ್ದುಪೆದ್ದಾಗಿ ಬದಲಿಸಿ ಬದಲಿಸಿ ನೋಡಿದಳು. ಅಷ್ಟು ವರ್ಷಗಳಲ್ಲಿ ನಾನು ಅವಳನ್ನು ಹಾಗೆ ನೋಡಿದ್ದು ಅದೇ ಮೊದಲು. ಅಣ್ಣ ತಗ್ಗಿದ ದನಿಯಲ್ಲಿ ತೆಳ್ಳಗಿನ ಮೌತ್‌ಪೀಸಿನಿಂದ ಹಿಡಿದು ಪಾರಿವಾಳದ ಗೂಡಿನ ತನಕ ಎಲ್ಲ ಹೇಳಿದ. ನಾನು ಅಂತ ಗೊತ್ತಿಲ್ಲದಿದ್ದರೆ ಒಂದು ಒಳ್ಳೆಯ ಮಾತು ಬರಬಹುದು ಅಂದುಕೊಂಡಿದ್ದೆ ಅಂದ. ಅವಳು ಗೋಡೆಯ ಮೇಲೆ ಅವನ ಪಕ್ಕ ಕೂತಳು. ನಾನು ಎದ್ದು ಹೋಗಬೇಕಿತ್ತು. ಹೋಗಲಿಲ್ಲ.

"ಬೇರೆಯೋರ ತಪ್ಪು ಕಿವಿಗೆ ಚುಚ್ಚತ್ತೆ," ಅಂದಳು. "ನಿಂದು ಕೇಳಿದ್ರೆ, ಸದ್ಯ ಮನೆಗೆ ಬಂದ, ಅನ್ಸತ್ತೆ. ಆ ನಡುಕ ತೆಗೆದು ಹಾಕು ಅಂತ ನಾನು ಹೇಳ್ತೀನಿ. ನಿಜವಾಗ್ಲೂ ತೆಗೀತಾರೇನೋ ದಡ್ಡ?"

ಅಣ್ಣ ಆ ತೆಳ್ಳಗಿನ ಮೌತ್‌ಪೀಸ್ ಕಿತ್ತು ಜೇಬಿಗೆ ಹಾಕಿಕೊಂಡ.

"ನಾಳೆ ಡೆನ್‌ಹೋಪಿನೋರಿಗೆ ಹೇಳ್ಬಿಡ್ತೀನಿ. ನೀನು ಊದೋ ಕಡೆ ಇನ್ಮೇಲೆ ನಾನು ಕೂರಲ್ಲ. ಪರದೆ ಹಿಂದೆ ಕೂತ್ಕೊಂಡು ಒಬ್ಬನಿಗೋಸ್ಕರ ಕಾಯೋಳು ತೀರ್ಪು ಕೊಡ್ಬಾರ್ದು. ನನ್ನ ಕಿವಿ ನ್ಯಾಯವಾಗಿಲ್ಲ ಆರ್ನಾಲ್ಡ್. ಯಾವತ್ತೂ ಇರ್ಲಿಲ್ಲ."

ಅಣ್ಣ ಕರವಸ್ತ್ರ ತೆಗೆದು ಜೋರಾಗಿ ಮೂಗು ಸೀಟಿದ. ಆಮೇಲೆ ಯುಫೋನಿಯಮ್ಮನ್ನು ನನ್ನ ಕೈಗೆ ಕೊಟ್ಟು, ಹೆಂಡತಿಯ ಕಡೆ ಪೂರ್ತಿ ತಿರುಗಿ ಕೂತು, ಅದೇ ಮಾತು ಇನ್ನೊಂದು ಸಲ ಹೇಳು ಅಂದ.

"ಕಿವಿ ನೆಟ್ಟಗಿದ್ರೆ ಒಂದೇ ಸಲಕ್ಕೆ ಕೇಳಿಸಿರ್ಬೇಕು," ಅಂದಳು ಥರ್ಜಾ.