ಒಂಬತ್ತನೆಯ ಕಿಟಕಿ

ಕಳೆದ ವಾರ ಪುಣೆ ಕ್ಯಾಂಪಿನ ನಮ್ಮ ಹಳೆಯ ಗಲ್ಲಿಯಲ್ಲಿ ರಿಕ್ಷಾ ಇಳಿದಾಗ ಮೂಗಿಗೆ ಬಡಿದದ್ದು ಹಸಿ ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿದ ವಾಸನೆ. ಕಾಲು ಅಲ್ಲೇ ನಿಂತವು. ನಲವತ್ತು ವರ್ಷವಾದರೂ ಮೂಗು ಮರೆತಿರಲಿಲ್ಲ. ಈಗ ಸುಣ್ಣ ಅರೆಯುವವರಾದರೂ ಯಾರಿದ್ದಾರೆ... ಹೀಗೇ ಸುಣ್ಣ ಅರೆದು ಗೋಡೆಗೆ ಮೆತ್ತುತ್ತಿದ್ದ ಗೌಂಡಿ ಕಾಕಾ ನೆನಪಾದರು.

ಆಗ ನಾವು ಬಾಡಿಗೆಗಿದ್ದ ಮನೆ ಮುಂದಿನಿಂದ ಅಪ್ಪಟ ಸಾಹೇಬ, ಒಳಗೆ ಹೋದರೆ ತೊಲೆ-ಹೆಂಚಿನ ಮರಾಠಿ ವಾಡೆ. ಯಾವನೋ ವ್ಯಾಪಾರಿ ಇಂಗ್ಲೆಂಡಿನ ಜಾರ್ಜ್ ದೊರೆಗಳ ಕಾಲದ ಮನೆಯ ಚಿತ್ರ ನೋಡಿ, ತನ್ನ ಹಳೆಯ ವಾಡೆಗೆ ಅಂಥದೇ ಮೋರೆ ಕಟ್ಟಿಸಿದ್ದನಂತೆ. ಮೇಲೆ ಕೋಟು, ಕೆಳಗೆ ಧೋತರ! ಆದರೆ ಆ ಮೋರೆಯ ಅಂದ ಏನು ಹೇಳಲಿ... ನಡುವೆ ಬಾಗಿಲು, ಎರಡೂ ಬದಿಗೆ ಕಂಬ, ಬಾಗಿಲ ನೆತ್ತಿಯ ಮೇಲೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡ ಗಾಜು. ಕೆಳಗೆ ನಾಲ್ಕು, ಮೇಲೆ ಐದು, ಒಟ್ಟು ಒಂಬತ್ತು ಎತ್ತರದ ಕಿಟಕಿಗಳು, ದಾರ ಹಿಡಿದು ಇಟ್ಟಷ್ಟು ಸರಿಯಾಗಿ.

ಮೇಲಿನ ಸಾಲಿನ ಕೊನೆಯದು ಮಾತ್ರ ಸುಳ್ಳು ಕಿಟಕಿ. ಎಡಕ್ಕಿದ್ದಷ್ಟು ಬಲಕ್ಕೂ ಇರಬೇಕಲ್ಲ, ಅದಕ್ಕೆ ಗೋಡೆಯ ಮೇಲೆ ಗಿಲಾವಿನಲ್ಲೇ ಚೌಕಟ್ಟು ಎತ್ತಿ, ಗಾಜಿನ ಜಾಗಕ್ಕೆ ಕಪ್ಪು ಬಳಿದಿದ್ದರು. ನಮ್ಮ ಕೋಣೆ ಸರಿಯಾಗಿ ಅದರ ಹಿಂದೆ. ತರಕಾರಿಯವಳು ದಿನಾ ಬೀದಿಯಲ್ಲಿ ನಿಂತು ಅದರತ್ತಲೇ ಕೂಗುತ್ತಿದ್ದಳು: “ವಹಿನೀ, ಖಿಡಕೀ ಉಘಡಾ ನಾ!” ‘ಅತ್ತಿಗೇ, ಕಿಟಕಿ ತೆಗೀರಿ’ ಅಂದರೆ, ತೆರೆಯಲು ಕಿಟಕಿ ಎಲ್ಲಿತ್ತು? ಹಗಲು ಲೈಟು ಹಾಕಿದರೆ ಮಾಲೀಕರ ಬೈಗುಳ. ಆ ಕತ್ತಲಲ್ಲೇ ಅವ್ವ ಕುಪ್ಪಸ ಹೊಲಿಯುತ್ತಿದ್ದಳು. ನಮ್ಮ ಹೊಟ್ಟೆ ತುಂಬುತ್ತಿದ್ದದ್ದು ಅದೇ ಮಶೀನಿನಿಂದ, ಅವಳ ಕಣ್ಣೋ ದಿನದಿನಕ್ಕೆ ಮಂಜಾಗುತ್ತಿದ್ದವು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯತೊಡಗಿದ್ದಳು.

ಮುಂಭಾಗದ ಗಿಲಾವು ರಿಪೇರಿಗೆ ಮಾಲೀಕರು ಕರೆಸಿದ ಗೌಂಡಿ ಬಾಗಲಕೋಟೆ ಕಡೆಯವರು. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅವ್ವ ಚಹಾಕ್ಕೆ ಕರೆದು ಬೇಡಿಕೊಂಡಳು. “ಗೌಂಡ್ಯಾರ, ಗ್ವಾಡಿ ಒಡದು ಒಂದು ಖರೇ ಕಿಡಕಿ ಮಾಡಿಕೊಡ್ರಿ.”

ಅವರು ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ, ಕಿವಿಯಿಟ್ಟು ಕೇಳಿದರು. “ಆಗೂದಿಲ್ರೀ ಅಕ್ಕಾರ. ತೊಲಿ ಎಲ್ಲಾ ಇದರ ಮ್ಯಾಲೆ ಕುಂತಾವ. ಮತ್ತ... ಹೊರಗ ಎಷ್ಟು ಚೆಂದ ಮಾಡ್ಯಾರ ನೋಡ್ರಿ. ಒಡಿಯಾಕ ಕೈ ಬರೂದಿಲ್ಲ.”

ಅವ್ವ ಸಿಡಿದಳು. “ಚೆಂದ ಹಾದ್ಯಾಗ ಹೋಗೋರಿಗೆ. ಒಳಗಿನವರ ಕಣ್ಣು ಹೋದ್ರ ಹೋಗ್ಲಿ, ಹೌದಿಲ್ರಿ?”

ಕಾಕಾ ಚಹಾ ಅರ್ಧಕ್ಕೇ ಬಿಟ್ಟು ಇಳಿದುಹೋದರು. ನನಗೂ ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಒಂದು ದಿನ ಶಾಲೆಯಿಂದ ಬರುವಾಗ ಎದುರಿನ ಫುಟ್‌ಪಾತಿನಲ್ಲಿ ನನ್ನನ್ನು ನಿಲ್ಲಿಸಿಕೊಂಡರು. “ಒಂದು ಕಣ್ಣು ಮುಚ್ಚವ್ವ. ಹೆಬ್ಬಟ್ಟು ಹಿಡದು ಆ ಸುಳ್ಳು ಕಿಡಕಿ ಕಾಣದಂಗ ಮಾಡು.” ಮಾಡಿದೆ. ಇಡೀ ಮನೆ ಒಂದು ಕಡೆಗೆ ವಾಲಿತು! ಬೆರಳು ತೆಗೆದೆ, ನೆಟ್ಟಗಾಯಿತು. ಅಬ್ಬಾ, ಇಲ್ಲದ ಕಿಟಕಿಯೊಂದು ಅಷ್ಟು ದೊಡ್ಡ ಮನೆಯನ್ನು ಹಿಡಿದು ನಿಲ್ಲಿಸಿತ್ತು. ಕಾಕಾ ಅದಕ್ಕೆ ಹೊಸ ಗಿಲಾವು ಕೊಟ್ಟು, ಕಪ್ಪು ಬಳಿದು, ನುಣ್ಣನೆಯ ಹೊಳೆಗಲ್ಲಿನಿಂದ ದಿನಗಟ್ಟಲೆ ತಿಕ್ಕಿದರು. ಕೊನೆಗೆ ಅದರಲ್ಲಿ ಮೋಡ ಹಾದುಹೋಗುವುದು ಕಂಡಿತು, ದೇವರಾಣೆ.

ಕೆಲಸ ಮುಗಿಸಿದ ದಿನ ಅವರು ಮಾಡು ಹತ್ತಿದರು. ನಮ್ಮ ನೆತ್ತಿಯ ಮೇಲಿನ ನಾಲ್ಕು ಹೆಂಚು ತೆಗೆದು ಗಾಜಿನ ಹೆಂಚು ಕೂರಿಸಿದರು. ಮುಂದಿನ ಗೋಡೆ ಮಾಡನ್ನು ಮರೆಮಾಡಿದ್ದರಿಂದ ಬೀದಿಗೆ ಏನೂ ಕಾಣುವಂತಿರಲಿಲ್ಲ. ಬಿಸಿಲು ನೇರ ಮಶೀನಿನ ಮೇಲೆ ಇಳಿಯಿತು. ಅವ್ವ ಸೂಜಿ ಹಿಡಿದಳು. ಎರಡನೇ ಸಲಕ್ಕೆ ದಾರ ತಾನೇ ಪೋಣಿಸಿದಳು. ನನಗೆ ಅಳು ಬಂತು. ಅವಳು ಎದ್ದು ಒಲೆ ಹಚ್ಚಿದಳು. “ಚಹಾ ಕುಡೀರಿ ಗೌಂಡ್ಯಾರ. ಇವತ್ತ ಪೂರಾ ಕುಡೀಬೇಕು.”

ಆಮೇಲೆ ಅವರು ಕಾಣಲಿಲ್ಲ. ತೀರಿಕೊಂಡರೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು... ಅವ್ವ ಆ ಬೆಳಕಿನಲ್ಲಿ ಇನ್ನೂ ಇಪ್ಪತ್ತು ವರ್ಷ ಹೊಲಿದಳು. ಈಗ ಅವಳೂ ಇಲ್ಲ.

ವಾಸನೆ ಹಿಡಿದು ನಡೆದು ಮನೆಯ ಎದುರು ನಿಂತೆ. ಎತ್ತರದ ಕಟ್ಟಡ ಕಟ್ಟಲು ಹಿಂದಿನ ವಾಡೆಯನ್ನು ಪೂರ್ತಿ ಕೆಡವಿದ್ದಾರೆ. ಮೋರೆ ಮಾತ್ರ ಉಳಿಸಿ, ಕಬ್ಬಿಣದ ಆಸರೆ ಕೊಟ್ಟು, ಸುಣ್ಣ ಮೆತ್ತುತ್ತಿದ್ದಾರೆ. ಎಂಟು ಕಿಟಕಿಗಳಿಂದ ಬರೀ ಆಕಾಶ ಕಾಣುತ್ತಿತ್ತು. ಒಂಬತ್ತನೆಯದೊಂದೇ, ಒಳಗೆ ಯಾರೋ ಇದ್ದಾರೆನ್ನುವ ಹಾಗೆ, ಮುಚ್ಚಿಕೊಂಡಿತ್ತು. ನಡುಬೀದಿ ಅನ್ನುವುದನ್ನೂ ಮರೆತು ಕೂಗಿಬಿಟ್ಟೆ.

“ಅವ್ವಾ, ಕಿಡಕಿ ತಗೀ...”