ಎರಡು ಸಾಲು ಬದನೆ

ಎಂಬತ್ತರ ದಶಕದ ಶುರುವಿನಲ್ಲಿ ಗುಡಗೇರಿಯಿಂದ ಮದುವೆಯಾಗಿ ಮೊರಬಕ್ಕೆ ಬಂದ ವರ್ಷವೇ ನಾನು ಮಾವನವರ ಹತ್ತಿರ ಜಗಳ ತೆಗೆದು ಹೊಲದಲ್ಲಿ ಎರಡು ಸಾಲು ಪಡೆದೆ. ನನ್ನವರು ಹುಬ್ಬಳ್ಳಿಗೆ ನೌಕರಿಗೆ ಹೋಗುತ್ತಿದ್ದರು. ಹೊಲದ ಯಜಮಾನಿಕೆ ಮಾವನವರದು. ನನ್ನ ತವರಿನಲ್ಲಿ ಜೋಳದ ಹೊಲದ ಅಂಚಿಗೆ ಹೆಂಗಸರಿಗೆಂದು ಅಕ್ಕಡಿ ಸಾಲು ಬಿಡುವ ರೂಢಿ. ಅದರಲ್ಲಿ ಏನು ಹಾಕಿದಿರಿ, ಬೆಳೆದದ್ದನ್ನು ಯಾರಿಗೆ ಕೊಟ್ಟಿರಿ ಎಂದು ಗಂಡಸರು ಕೇಳುವಂತಿಲ್ಲ. ಈ ಮನೆಯಲ್ಲಿ ಅದು ಯಾವಾಗಲೋ ನಿಂತುಹೋಗಿತ್ತು.

"ತಗೋ. ಆದರ ಬಿತ್ತಿಗಿ ದಿನ ಸಾಲ ಖಾಲಿ ಕಂಡ್ರ ಕೂರಿಗಿ ಹಾಯಿಸಿ ಜ್ವಾಳಾ ಬಿತ್ತತೀನಿ. ಆಮ್ಯಾಲ ಅಳಬಾರದು," ಎಂದರು ಮಾವ. ಅಳುವ ಪೈಕಿ ನಾನಲ್ಲ.

ತವರಿನ ಬದನೆ ಬೀಜವನ್ನು ಮುಂಗಾರಿನಲ್ಲೇ ಹಳೆಯ ಎಣ್ಣೆ ಡಬ್ಬಿಗಳಿಗೆ ಹಾಕಿ ಹಿತ್ತಲಲ್ಲಿ ಇಟ್ಟೆ. ಹೊಲದಲ್ಲಿದ್ದ ಹೆಸರಿನ ಬೆಳೆ ಕಿತ್ತ ಕೂಡಲೇ ಸಸಿ, ನಮ್ಮ ಮಾತಿನಲ್ಲಿ ಅಗಿ, ಹಚ್ಚುವ ವಿಚಾರ. ಹೆಸರು ಕಿತ್ತದ್ದೇ ಮಳೆ ಹಿಡಿಯಿತು. ಎರೆಹೊಲಕ್ಕೆ ಕಾಲಿಟ್ಟರೆ ಒಂದೊಂದು ಕಾಲಿಗೂ ಎರಡೆರಡು ಸೇರು ಮಣ್ಣು. ಅಗಿಗಳು ಡಬ್ಬಿಯಲ್ಲೇ ಮೊಣಕಾಲುದ್ದ ಬೆಳೆದವು. ಕೆಳಗಿನ ಎಲೆ ಹಳದಿಯಾಯಿತು, ತಳದ ತೂತಿನಿಂದ ಬೇರು ಹೊರಗೆ ಬಂತು. ಮೇಲೆ ಹೂವು ಬೇರೆ. ಒಂದರಲ್ಲಂತೂ ಗೋಲಿಯಷ್ಟು ಕಾಯಿ. ಅದನ್ನು ಓಣಿಯವರನ್ನೆಲ್ಲ ಕರೆದು ತೋರಿಸಿದೆ.

"ಡಬ್ಬ್ಯಾಗ ಸಂಸಾರ ಹೂಡ್ಯಾವು. ಇನ್ನ ಹೊಲಕ್ಕ ಯಾಕ ಬರ್ತಾವು?" ಎಂದು ಅತ್ತೆ ಚಾಷ್ಟಿ ಮಾಡಿದರು.

ಮಣ್ಣು ಹದಕ್ಕೆ ಬಂದದ್ದು ಒಂದು ಸೋಮವಾರ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ, ಅದು ಬಸವಣ್ಣನ ದಿನ. ಹಾಗಾಗಿ ಬಿತ್ತಿಗೆ ಮಂಗಳವಾರ ಬೆಳಿಗ್ಗೆ ಎಂದು ಮಾವನವರು ಹೇಳಿದರು. ನನ್ನ ಕೈಯಲ್ಲಿ ಉಳಿದದ್ದು ಒಂದೇ ಹಗಲು. ಅಷ್ಟಾದರೂ ಸಿಕ್ಕಿತಲ್ಲ ಎಂದು ಕುಣಿಯುತ್ತ, ಡಬ್ಬಿ ಒಯ್ಯಲು ಚಕ್ಕಡಿ ಕೇಳಹೋದೆ. ಮಾವನವರು ನಕ್ಕಾಗಲೇ ಹೊಳೆದದ್ದು, ನೊಗ ಇಲ್ಲದ ದಿನ ಚಕ್ಕಡಿ ಎಲ್ಲಿಂದ ಬರಬೇಕು?

"ಎತ್ತಿಗೆ ಸೂಟಿ ಐತಿ, ನಿನ್ನ ತಲಿಗಿಲ್ಲ. ನಡಿ," ಎಂದು ಅತ್ತೆ ಹಳೇ ಸೀರೆಯ ಸಿಂಬಿ ಸುತ್ತಿದರು. ಇಷ್ಟು ದಿನ ಆಡಿಕೊಂಡವರೇ ಮೊದಲ ಬುಟ್ಟಿ ಹೊತ್ತರು. ಮೂರು ಸಲ ಹೋಗಿ ಬಂದೆವು. ಕುತ್ತಿಗೆ ಮುರಿಯುವಂತಾದರೂ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನಾನು ಮಾಡಿದ ತಪ್ಪು ಹೊಲದಲ್ಲಿ ತಿಳಿಯಿತು. ಆಸೆಬುರುಕಿ ನಾನು, ಡಬ್ಬಿಗೆ ಎಂಟು ಹತ್ತು ಬೀಜ ಸುರಿದಿದ್ದೆ. ಬೇರುಗಳು ಡಬ್ಬಿಯೊಳಗೆ ಸುತ್ತಿ ಸುತ್ತಿ ಗಂಟುಬಿದ್ದ ಕೂದಲಿನಂತಾಗಿದ್ದವು. ಬಿಡಿಸಲು ಎಳೆದರೆ ಹರಿದು ಬರುತ್ತಿದ್ದವು. ಅತ್ತೆ ನನ್ನನ್ನು ಬಾಜು ಸರಿಸಿ, ಆ ಬೇರಿನ ಮುದ್ದೆಯನ್ನು ಕುಡಗೋಲಿನಿಂದ ಮೇಲಿನಿಂದ ಕೆಳಗೆ ಸೀಳಿ ಹೋಳು ಮಾಡಿದರು. ಅಷ್ಟಕ್ಕೇ ಬಿಡದೆ ಎಲೆ ತರಿದರು, ಹೂವು ಚಿವುಟಿದರು, ಆ ಗೋಲಿಯಂಥ ಕಾಯಿಯನ್ನೂ ಕಿತ್ತು ಒಗೆದರು.

"ಅತ್ತಿ, ಅದೊಂದರ ಬಿಡ್ರಿ," ಎಂದು ಕೂಗಿದೆ.

"ಮೊದಲ ಬೇರ ಊರಲಿ. ಈಗ ಕಾಯಿ ಇಟ್ಟರ ಗಿಡಾನ ಉಳಿಯಂಗಿಲ್ಲ. ಸಿಟ್ಟ ಬಂದಿದ್ರ ಕುಣಿ ತೋಡು."

ಸಿಟ್ಟಿನಲ್ಲೇ ತೋಡಿದೆ. ಅತ್ತೆ ಗಿಡವನ್ನು ಅರ್ಧ ಕಾಂಡದವರೆಗೆ ಹೂತು ಮಣ್ಣು ಒತ್ತುವುದು, ನಾನು ತಂಬಿಗೆ ನೀರು ಹಾಕಿ ಮುಂದಿನ ಕುಣಿಗೆ ಓಡುವುದು. ಒಂದು ಸಾಲು ಮುಗಿಯುವುದರೊಳಗೆ ಸಿಟ್ಟು ಎಲ್ಲಿ ಹೋಯಿತೋ, ಇಬ್ಬರಿಗೂ ಹುರುಪು ಏರಿತ್ತು. ರೊಟ್ಟಿಯ ಗಂಟು ಬಿಚ್ಚಲೂ ಇಲ್ಲ. ಹೊತ್ತು ಮುಳುಗುವಾಗ ಎರಡನೇ ಸಾಲಿನ ಕೊನೆಯ ಗಿಡ ನೆಟ್ಟೆವು.

ಮಂಗಳವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ನೋಡಿದೆ. ಉಳಿದಿದ್ದ ಒಂದೆರಡು ಎಲೆಯೂ ಜೋತುಬಿದ್ದು ಸಾಲಿನ ತುಂಬ ಬರೀ ಕಡ್ಡಿ ನಿಂತಿದ್ದವು. ಬಿತ್ತುತ್ತ ಬಿತ್ತುತ್ತ ಮಾವನವರು ಅಂಚಿಗೆ ಬಂದರು. ಹಿಂದೆ ಅತ್ತೆ ಉಡಿಯಲ್ಲಿ ಜೋಳ ಕಟ್ಟಿಕೊಂಡು ಕೂರಿಗೆಗೆ ಕಾಳು ಬಿಡುತ್ತಿದ್ದರು.

"ಗಿಡಾ ಎಲ್ಲಿ ಅದಾವು? ಇವು ಒಲಿಗೆ ಹಾಕೂ ಕಟಗಿ. ಸಾಲ ಖಾಲೀನ ಐತಿ," ಎಂದು ಮಾವನವರು ಎತ್ತುಗಳನ್ನು ನನ್ನ ಸಾಲಿನತ್ತ ತಿರುಗಿಸಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕಾಳು ಬಿಡುವುದನ್ನು ನಿಲ್ಲಿಸಿ, ಉಡಿಯನ್ನು ಗಂಟು ಹಾಕಿ ಎತ್ತಿನ ಮುಂದೆ ಬಂದು ನಿಂತರು.

"ನಾ ಹೊಸದಾಗಿ ಬಂದಾಗ ನನ್ನ ಸಾಲಿನ ಮ್ಯಾಲೂ ಹಿಂಗ ಹಾಯಿಸಿದ್ರಿ. ಸಣ್ಣಾಕಿ ಇದ್ದೆ, ಸುಮ್ಮನಿದ್ದೆ. ಈಗ ಹೊಳ್ಳಸ್ರಿ."

ಮಾವನವರು ಕೂರಿಗೆಯನ್ನು ಮಣ್ಣಿನಿಂದ ಎತ್ತಿ ಹಿಡಿದರು. ಆಮೇಲೆ ಎತ್ತುಗಳನ್ನು ಹಿಂದಕ್ಕೆ ಹೊಳ್ಳಿಸಿದರು. ನನಗೆ ಖುಷಿ ತಡೆಯಲಾಗಲಿಲ್ಲ, ಜೊತೆಗೆ ನಾಚಿಕೆಯೂ ಆಯಿತು. ನನ್ನ ಸಾಲಿಗೆ ಅಷ್ಟು ಜಗಳ ಮಾಡಿದವಳು ಅತ್ತೆಗೆ ಯಾಕೆ ಒಂದು ಸಾಲೂ ಇಲ್ಲ ಎಂದು ಒಂದು ದಿನವೂ ಕೇಳಿರಲಿಲ್ಲ.

ಹನ್ನೊಂದು ಗಿಡ ಸತ್ತವು. ಉಳಿದವು ಎಂಟು ದಿನಕ್ಕೆ ಚಿಗುರಿ, ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಬುಟ್ಟಿಗಟ್ಟಲೆ ಬದನೆ ಬಿಟ್ಟವು. ಮರುವರ್ಷ ಬಿತ್ತಿಗೆಯ ದಿನ ಮಾವನವರು ಯಾರೂ ಕೇಳದಿದ್ದರೂ ಅಂಚಿಗೆ ನಾಲ್ಕು ಸಾಲು ಬಿಟ್ಟರು. ಅತ್ತೆ ತಮ್ಮ ಎರಡು ಸಾಲಿನ ನಡುವೆ ಕೂತು, ಏನು ಹಾಕಲಿ ಎಂದು ನನ್ನನ್ನು ಕೇಳಿದರು.